ಬಳಸಿದ ಶೈತ್ಯ ಯಂತ್ರಗಳ ಖರೀದಿ: ಠರಾವಿಗೆ ಮುನ್ನ ಮಾಡಬೇಕಾದ ಲೆಕ್ಕ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಗ್ರಾಮ ಪಂಚಾಯಿತಿಗಳು ತೆರಿಗೆ ವಸೂಲಿಯೊಂದನ್ನೇ ನೆಚ್ಚಿಕೊಳ್ಳದೆ ಬಾಡಿಗೆ ವರಮಾನದತ್ತಲೂ ದೃಷ್ಟಿ ಹರಿಸುತ್ತಿರುವುದು ಸ್ವಾಗತಾರ್ಹ ಬೆಳವಣಿಗೆ. ಬಸ್ ನಿಲ್ದಾಣದ ಬಳಿ ವಾಣಿಜ್ಯ ಮಳಿಗೆಗಳು, ಮದುವೆ-ಮುಂಜಿಗಳಿಗೆ ಬಾಡಿಗೆಗೆ ಕೊಡುವ ಸಮುದಾಯ ಭವನ, ಸಂತೆ ಮೈದಾನದ ಅಂಚಿನಲ್ಲಿ ತರಕಾರಿ ಮತ್ತು ಹೂವಿಗಾಗಿ ಶೈತ್ಯ ಕೊಠಡಿ ಮುಂತಾದ ಯೋಜನೆಗಳು ಸಭೆಗಳಲ್ಲಿ ಪದೇ ಪದೇ ಚರ್ಚೆಗೆ ಬರುತ್ತಿವೆ. ಇಂತಹ ಕಟ್ಟಡಗಳಿಗೆ ಹವಾನಿಯಂತ್ರಣ ಅಥವಾ ಶೈತ್ಯೀಕರಣ ಬೇಕೆಂದಾಗ ಹೊಸ ಯಂತ್ರಗಳ ಅಂದಾಜು ಪಟ್ಟಿ ಕಂಡು ಸದಸ್ಯರು ಹಿಂಜರಿಯುವುದು ಸಹಜ. ಆಗ ಯಾರಾದರೂ ಒಬ್ಬರು, ನಗರದಲ್ಲಿ ಕಚೇರಿಯೊಂದು ಮುಚ್ಚುತ್ತಿದೆ, ಅಲ್ಲಿನ ಯಂತ್ರಗಳು ಮೂರನೇ ಒಂದು ಬೆಲೆಗೆ ಸಿಗುತ್ತವೆ ಎಂಬ ಸುದ್ದಿ ತರುತ್ತಾರೆ.

ಈ ಸುದ್ದಿಯನ್ನು ಕೇಳಿದೊಡನೆ ಒಪ್ಪುವುದೂ ಸರಿಯಲ್ಲ, ಹಳೆಯದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದೂ ಸರಿಯಲ್ಲ. ಬಳಸಿದ ಯಂತ್ರ ಕೆಲವು ಕೆಲಸಗಳಿಗೆ ಯೋಗ್ಯ. ಕೆಲವು ಕೆಲಸಗಳಿಗೆ ಅದು ಪಂಚಾಯಿತಿಯ ನಿಧಿಯನ್ನು ತಿಂಗಳು ತಿಂಗಳೂ ಸೋರಿಸುವ ತೂತು. ಇವೆರಡನ್ನು ಬೇರ್ಪಡಿಸುವ ಮುಖ್ಯ ಪ್ರಶ್ನೆ ಯಂತ್ರದ ಬೆಲೆ ಎಷ್ಟು ಎಂಬುದಲ್ಲ. ಆ ಯಂತ್ರ ವರ್ಷಕ್ಕೆ ಎಷ್ಟು ಗಂಟೆ ಓಡಬೇಕು ಎಂಬುದು. ಈ ಲೇಖನದ ಉದ್ದೇಶ ಈ ಒಂದು ಪ್ರಶ್ನೆಯನ್ನು ಲೆಕ್ಕದ ಮೂಲಕ ವಿವರಿಸುವುದು ಮತ್ತು ಖರೀದಿಗೆ ಮುನ್ನ ನಡೆಸಬೇಕಾದ ಪರೀಕ್ಷೆಗಳನ್ನು ತಿಳಿಸುವುದು.

1. ಬೆಲೆ ಬೇರೆ, ವೆಚ್ಚ ಬೇರೆ

ಶೈತ್ಯ ಯಂತ್ರ ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಈ ಸಾಗಾಟದ ಸಾಮರ್ಥ್ಯವನ್ನು ‘ಟನ್’ ಎಂಬ ಅಳತೆಯಲ್ಲಿ ಹೇಳುವುದು ರೂಢಿ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖದ ಸಾಗಾಟ. ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದಲ್ಲಿ ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖವನ್ನು ಆಧರಿಸಿ ಈ ಅಳತೆ ಬಂದಿತು. ಆದ್ದರಿಂದ ‘ಒಂದೂವರೆ ಟನ್ ಎಸಿ’ ಎಂಬುದು ಯಂತ್ರದ ತೂಕವಲ್ಲ, ವಿದ್ಯುತ್ ಬಳಕೆಯೂ ಅಲ್ಲ.

ಒಂದೇ ಟನ್ ಸಾಮರ್ಥ್ಯದ ಎರಡು ಯಂತ್ರಗಳು ಬೇರೆ ಬೇರೆ ಪ್ರಮಾಣದ ವಿದ್ಯುತ್ತನ್ನು ಬಳಸಬಹುದು. ಹಳೆಯ ಯಂತ್ರ ತಯಾರಾದಾಗಲೇ ಇಂದಿನ ಯಂತ್ರಕ್ಕಿಂತ ಕಡಿಮೆ ದಕ್ಷವಾಗಿರುತ್ತದೆ. ಅದರ ಮೇಲೆ ವರ್ಷಗಳ ಬಳಕೆಯಿಂದ ಕಂಪ್ರೆಸರ್ ಸವೆದು, ಕಾಯಿಲ್‌ನ ರೆಕ್ಕೆಗಳು ಬಾಗಿ, ಧೂಳು ಕೂತು ದಕ್ಷತೆ ಮತ್ತಷ್ಟು ಕುಗ್ಗಿರುತ್ತದೆ. ಖರೀದಿ ಬೆಲೆಯನ್ನು ಪಂಚಾಯಿತಿ ಒಮ್ಮೆ ಪಾವತಿಸುತ್ತದೆ. ಈ ಕುಗ್ಗಿದ ದಕ್ಷತೆಯ ಬೆಲೆಯನ್ನು ಪ್ರತಿ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಪಾವತಿಸುತ್ತದೆ.

ಆದುದರಿಂದ ಹೋಲಿಕೆಗೆ ಮೂರು ಅಂಕಿಗಳು ಬೇಕು. ಮೊದಲನೆಯದು, ಯಂತ್ರದ ಒಟ್ಟು ಬೆಲೆಯನ್ನು ಅದು ಇನ್ನು ಬಾಳಬಹುದಾದ ವರ್ಷಗಳಿಂದ ಭಾಗಿಸಿದರೆ ಬರುವ ವಾರ್ಷಿಕ ಬೆಲೆ. ಎರಡನೆಯದು, ವರ್ಷದ ವಿದ್ಯುತ್ ವೆಚ್ಚ. ಮೂರನೆಯದು, ವರ್ಷದ ದುರಸ್ತಿ ವೆಚ್ಚ. ಒಟ್ಟು ಬೆಲೆಯೊಳಗೆ ಯಂತ್ರವನ್ನು ಕಳಚುವ ಕೂಲಿ, ಸಾಗಾಟ, ಕ್ರೇನ್, ಹೊಸ ತಾಮ್ರದ ಕೊಳವೆ, ಅನಿಲ, ವಿದ್ಯುತ್ ಪ್ಯಾನೆಲ್ ಮತ್ತು ಜೋಡಣೆಯ ಖರ್ಚುಗಳೂ ಸೇರಬೇಕು. ಮಾರಾಟಗಾರರು ಹೇಳುವ ಬೆಲೆಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

2. ಎರಡು ಉದಾಹರಣೆಗಳು

ಕೆಳಗಿನ ಅಂಕಿಗಳನ್ನು ಲೆಕ್ಕದ ವಿಧಾನ ತೋರಿಸಲು ಊಹಿಸಿಕೊಳ್ಳಲಾಗಿದೆ. ಪ್ರತಿ ಪಂಚಾಯಿತಿಯೂ ತನ್ನ ದರಪಟ್ಟಿಯ ಬೆಲೆ ಮತ್ತು ತನ್ನ ವಿದ್ಯುತ್ ಬಿಲ್ಲಿನ ದರವನ್ನು ಇಲ್ಲಿ ತುಂಬಿಕೊಳ್ಳತಕ್ಕದ್ದು. ವಿದ್ಯುತ್ ದರವನ್ನು ಯೂನಿಟ್‌ಗೆ 8 ರೂ. ಎಂದೂ, ಮಂಜೂರಾದ ಹೊರೆಗೆ ನಿಗದಿತ ಶುಲ್ಕವನ್ನು ಕಿಲೋವ್ಯಾಟ್‌ಗೆ ತಿಂಗಳಿಗೆ 200 ರೂ. ಎಂದೂ ಇಟ್ಟುಕೊಳ್ಳೋಣ.

ಉದಾಹರಣೆ ಅ: ಸಮುದಾಯ ಭವನ

ಭವನ ವರ್ಷಕ್ಕೆ 60 ದಿನ, ದಿನಕ್ಕೆ 6 ಗಂಟೆ ಬಾಡಿಗೆಗೆ ಹೋಗುತ್ತದೆ. ಅಂದರೆ ಯಂತ್ರ ಓಡುವುದು 360 ಗಂಟೆ.

ಹೊಸ ಯಂತ್ರ: ಬೆಲೆ 7,50,000 ರೂ., ಬಾಳಿಕೆ 15 ವರ್ಷ, ವಿದ್ಯುತ್ ಸೆಳೆತ 20 ಕಿಲೋವ್ಯಾಟ್. ವಾರ್ಷಿಕ ಬೆಲೆ 50,000 ರೂ.

ಬಳಸಿದ ಯಂತ್ರ: ಎಲ್ಲ ಖರ್ಚು ಸೇರಿ 1,80,000 ರೂ., ಉಳಿದ ಬಾಳಿಕೆ 6 ವರ್ಷ, ವಿದ್ಯುತ್ ಸೆಳೆತ 24 ಕಿಲೋವ್ಯಾಟ್. ವಾರ್ಷಿಕ ಬೆಲೆ 30,000 ರೂ.

ಬಳಸಿದ ಯಂತ್ರದ ಹೆಚ್ಚುವರಿ 4 ಕಿಲೋವ್ಯಾಟ್ 360 ಗಂಟೆಗಳಲ್ಲಿ 1,440 ಯೂನಿಟ್ ಆಗುತ್ತದೆ; ಅದರ ಮೊತ್ತ 11,520 ರೂ. ಹೆಚ್ಚುವರಿ ಹೊರೆಗೆ ನಿಗದಿತ ಶುಲ್ಕ ವರ್ಷಕ್ಕೆ 9,600 ರೂ. ಹೆಚ್ಚುವರಿ ದುರಸ್ತಿಗೆ 8,000 ರೂ. ಇರಿಸಿದರೆ ಬಳಸಿದ ಯಂತ್ರದ ವಾರ್ಷಿಕ ಹೊರೆ 59,120 ರೂ. ಹೊಸದಕ್ಕಿಂತ ವರ್ಷಕ್ಕೆ 9,120 ರೂ. ಮಾತ್ರ ಹೆಚ್ಚು. ಈ 9,120 ರೂ. ಉಳಿಸಲು ಪಂಚಾಯಿತಿ ಇಂದೇ 5,70,000 ರೂ. ಹೆಚ್ಚಾಗಿ ಹೂಡಬೇಕು. ಅದೇ ಹಣವನ್ನು ಶೇ 6ರ ಬಡ್ಡಿಗೆ ಠೇವಣಿ ಇಟ್ಟರೂ ವರ್ಷಕ್ಕೆ 34,200 ರೂ. ಬರುತ್ತದೆ. ಚರಂಡಿಗೋ ಬೀದಿ ದೀಪಕ್ಕೋ ಬಳಸಿದರೆ ಊರಿಗೆ ಅದಕ್ಕಿಂತ ಹೆಚ್ಚಿನ ಪ್ರಯೋಜನ. ಇಲ್ಲಿ ಸುಸ್ಥಿತಿಯಲ್ಲಿರುವ ಬಳಸಿದ ಯಂತ್ರವನ್ನು ಪರಿಗಣಿಸುವುದು ತಪ್ಪಲ್ಲ.

ಉದಾಹರಣೆ ಆ: ತರಕಾರಿ ಶೈತ್ಯ ಕೊಠಡಿ

ಈ ಯಂತ್ರ ವರ್ಷದ 365 ದಿನವೂ ದಿನಕ್ಕೆ 16 ಗಂಟೆ ಓಡುತ್ತದೆ.

ಹೊಸ ಯಂತ್ರ: ಬೆಲೆ 4,20,000 ರೂ., ಬಾಳಿಕೆ 12 ವರ್ಷ, ಸೆಳೆತ 3.75 ಕಿಲೋವ್ಯಾಟ್. ದಿನಕ್ಕೆ 60 ಯೂನಿಟ್. ವಾರ್ಷಿಕ ಬೆಲೆ 35,000 ರೂ.

ಬಳಸಿದ ಯಂತ್ರ: ಬೆಲೆ 1,80,000 ರೂ., ಉಳಿದ ಬಾಳಿಕೆ 6 ವರ್ಷ, ಸೆಳೆತ 5 ಕಿಲೋವ್ಯಾಟ್. ದಿನಕ್ಕೆ 80 ಯೂನಿಟ್. ವಾರ್ಷಿಕ ಬೆಲೆ 30,000 ರೂ.

ದಿನಕ್ಕೆ 20 ಯೂನಿಟ್ ಹೆಚ್ಚುವರಿ ಎಂದರೆ ವರ್ಷಕ್ಕೆ 7,300 ಯೂನಿಟ್, ಅಂದರೆ 58,400 ರೂ. ನಿಗದಿತ ಶುಲ್ಕ ಮತ್ತು ದುರಸ್ತಿಯನ್ನು ಸೇರಿಸದೆಯೇ ಬಳಸಿದ ಯಂತ್ರದ ವಾರ್ಷಿಕ ಹೊರೆ 88,400 ರೂ.; ಹೊಸದರದು 35,000 ರೂ. ಬೆಲೆಯಲ್ಲಿ ಉಳಿಸಿದ 2,40,000 ರೂ. ಸುಮಾರು ನಾಲ್ಕು ವರ್ಷಗಳಲ್ಲಿ ವಿದ್ಯುತ್ ಬಿಲ್ಲಿನ ಮೂಲಕ ಪೂರ್ತಿ ಹೊರಹೋಗಿರುತ್ತದೆ. ಆರನೇ ವರ್ಷದ ಕೊನೆಗೆ ಯಂತ್ರವೂ ಇರುವುದಿಲ್ಲ, ಹಣವೂ ಇರುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಲೆಕ್ಕದ ಹೊರಗಿದೆ. ಭವನದ ಯಂತ್ರ ಕೆಟ್ಟರೆ ಮದುವೆ ಮನೆಯವರು ಬೆವರುತ್ತಾರೆ, ಬಾಡಿಗೆ ಹಿಂದಿರುಗಿಸಬೇಕಾಗಬಹುದು. ಶೈತ್ಯ ಕೊಠಡಿಯ ಯಂತ್ರ ಬೇಸಿಗೆಯ ರಾತ್ರಿಯೊಂದರಲ್ಲಿ ನಿಂತರೆ ರೈತರು ನಂಬಿ ಇಟ್ಟ ಫಸಲು ಹಾಳಾಗುತ್ತದೆ. ಹಳೆಯ ಮಾದರಿಯ ಬಿಡಿಭಾಗ ನಗರದಿಂದ ಬರಲು ಮೂರು ದಿನವಾದರೆ ಆ ಮೂರು ದಿನ ಸೊಪ್ಪು, ಹೂವು ಕಾಯುವುದಿಲ್ಲ. ಒಮ್ಮೆ ಕಳೆದುಕೊಂಡ ರೈತರ ವಿಶ್ವಾಸವನ್ನು ಮರಳಿ ಪಡೆಯುವುದು ಯಂತ್ರ ದುರಸ್ತಿಯಷ್ಟು ಸುಲಭವೂ ಅಲ್ಲ.

ಈ ಎರಡು ಲೆಕ್ಕಗಳಿಂದ ಹೊರಡುವ ನಿಯಮ ಸರಳ: ಅಪರೂಪಕ್ಕೆ ಓಡುವ ಯಂತ್ರವನ್ನು ಬಳಸಿದ್ದು ಕೊಳ್ಳಬಹುದು, ಹಗಲಿರುಳು ಓಡುವ ಯಂತ್ರವನ್ನು ಹೊಸದಾಗಿಯೇ ಕೊಳ್ಳಬೇಕು.

3. ಅನಿಲ ಯಾವುದೆಂದು ಮೊದಲು ನೋಡಿ

ಯಂತ್ರದ ನಾಮಫಲಕದಲ್ಲಿ ಅದು ಬಳಸುವ ಶೀತಕ ಅನಿಲದ ಹೆಸರು ಇರುತ್ತದೆ. ಬಳಸಿದ ಯಂತ್ರಗಳ ಖರೀದಿಯಲ್ಲಿ ಇಷ್ಟನ್ನು ಓದಿದರೆ ಅರ್ಧ ನಿರ್ಧಾರ ಮುಗಿಯುತ್ತದೆ.

ಆರ್-22: ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಅನಿಲ. ಇದು ಓಝೋನ್ ಪದರಕ್ಕೆ ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದದ ಅನ್ವಯ ಭಾರತ ಇದನ್ನು ಹಂತ ಹಂತವಾಗಿ ಕೈಬಿಡುತ್ತಿದೆ. ಈ ಗುಂಪಿನ ಅನಿಲಗಳನ್ನು ಹೊಸ ಯಂತ್ರಗಳ ತಯಾರಿಕೆಯಲ್ಲಿ ಬಳಸುವುದಕ್ಕೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. 2030ರ ನಂತರ ಹಳೆಯ ಯಂತ್ರಗಳ ದುರಸ್ತಿಗಾಗಿ ಅತ್ಯಲ್ಪ ಪ್ರಮಾಣಕ್ಕೆ ಮಾತ್ರ ಅವಕಾಶ. ಪೂರೈಕೆ ಕುಗ್ಗುತ್ತಿರುವ ವಸ್ತುವಿನ ಬೆಲೆ ಏರುವುದು ಸಂತೆಯ ನಿಯಮ. ಆದುದರಿಂದ ಆರ್-22 ಯಂತ್ರವನ್ನು ಇಂದು ಪಂಚಾಯಿತಿಗೆ ಕೊಳ್ಳಬಾರದು. ಬೆಲೆ ಎಷ್ಟೇ ಕಡಿಮೆ ಇದ್ದರೂ.

ಆರ್-410ಎ ಮತ್ತು ಆರ್-404ಎ: ಮೊದಲನೆಯದು ಹವಾನಿಯಂತ್ರಣ ಯಂತ್ರಗಳಲ್ಲಿ, ಎರಡನೆಯದು ಶೈತ್ಯ ಕೊಠಡಿಗಳಲ್ಲಿ ಸಾಮಾನ್ಯ. ಇವು ಓಝೋನ್‌ಗೆ ಹಾನಿ ಮಾಡವು. ಆದರೆ ಭೂಮಿಯ ತಾಪವನ್ನು ಇಂಗಾಲದ ಡೈಆಕ್ಸೈಡ್‌ಗಿಂತ ಕ್ರಮವಾಗಿ ಸುಮಾರು 2,000 ಮತ್ತು 3,900 ಪಟ್ಟು ಹೆಚ್ಚಿಸುತ್ತವೆ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿದ್ದು, ಅದರ ಪ್ರಕಾರ ಈ ಗುಂಪಿನ ಅನಿಲಗಳ ಬಳಕೆಯನ್ನು 2032ರಿಂದ ಹಂತ ಹಂತವಾಗಿ ಇಳಿಸಬೇಕಿದೆ. ಆರು ವರ್ಷ ಬಾಳುವ ಬಳಸಿದ ಯಂತ್ರಕ್ಕೆ ಇದು ಅಡ್ಡಿಯಲ್ಲ. ಆದರೆ ಸೋರುವ ಯಂತ್ರವಾದರೆ ವೆಚ್ಚವೂ ಹಾನಿಯೂ ಎರಡೂ ದೊಡ್ಡದು.

ಆರ್-32 ಮತ್ತು ಆರ್-290: ಈಚಿನ ಯಂತ್ರಗಳಲ್ಲಿ ಬಳಸುವ ಅನಿಲಗಳು. ಆರ್-32 ಮಂದವಾಗಿ ಹೊತ್ತಿಕೊಳ್ಳಬಲ್ಲದು. ಆರ್-290 ಎಂಬುದು ಪ್ರೊಪೇನ್, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಇವುಗಳಿಗೆಂದೇ ತಯಾರಾದ ಯಂತ್ರಗಳಲ್ಲಿ ಸುರಕ್ಷತೆಯ ಏರ್ಪಾಡು ಇರುತ್ತದೆ.

ಇಲ್ಲಿ ಎಚ್ಚರಿಕೆಯೊಂದು ಅಗತ್ಯ. ‘ಆರ್-22 ತೆಗೆದು ಬೇರೆ ಗ್ಯಾಸ್ ತುಂಬಿಕೊಡುತ್ತೇವೆ’ ಎಂಬ ಭರವಸೆಯನ್ನು ಒಪ್ಪಬಾರದು. ಆರ್-410ಎ ಅನಿಲದ ಒತ್ತಡ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಅದಕ್ಕೆ ಬೇಕಾದ ಎಣ್ಣೆಯೂ ಬೇರೆ. ಹಳೆಯ ಕಂಪ್ರೆಸರ್ ಮತ್ತು ಕೊಳವೆಗಳು ಅದನ್ನು ತಡೆಯುವಂತೆ ರಚನೆಯಾಗಿರುವುದಿಲ್ಲ. ಹೊತ್ತಿಕೊಳ್ಳುವ ಅನಿಲವನ್ನು ಅದಕ್ಕಾಗಿ ತಯಾರಾಗದ ಯಂತ್ರದಲ್ಲಿ ತುಂಬಿಸುವುದು ಜನ ಸೇರುವ ಭವನದಲ್ಲಿ ಬೆಂಕಿ ಅವಘಡವನ್ನು ಆಹ್ವಾನಿಸಿದಂತೆ.

4. ನಕ್ಷತ್ರಗಳನ್ನು ತಯಾರಿಕೆಯ ವರ್ಷದೊಡನೆ ಓದಿ

‘ಐದು ನಕ್ಷತ್ರದ ಯಂತ್ರ’ ಎಂಬ ಮಾತು ವರ್ಷವಿಲ್ಲದೆ ಅಪೂರ್ಣ. ಇಂಧನ ದಕ್ಷತಾ ಬ್ಯೂರೋ ನಕ್ಷತ್ರದ ಅರ್ಹತೆಯನ್ನು ಕಾಲಕಾಲಕ್ಕೆ ಬಿಗಿಗೊಳಿಸುತ್ತದೆ. ಸ್ಪ್ಲಿಟ್ ಎಸಿಗಳಿಗೆ 2018ರ ಪಟ್ಟಿಯಲ್ಲಿ ಐದು ನಕ್ಷತ್ರ ಪಡೆಯಲು ಐಎಸ್‌ಇಇಆರ್ ಎಂಬ ದಕ್ಷತಾ ಸೂಚ್ಯಂಕ 4.5 ಇದ್ದರೆ ಸಾಕಿತ್ತು. 2022ರ ಜುಲೈನಿಂದ ಅದು 5.0 ಆಗಬೇಕಾಯಿತು. ಅಂದರೆ 2019ರಲ್ಲಿ 4.5 ಅಂಕದೊಡನೆ ಐದು ನಕ್ಷತ್ರ ಪಡೆದ ಯಂತ್ರ 2022ರ ಪಟ್ಟಿಯಲ್ಲಿ ನಾಲ್ಕು ನಕ್ಷತ್ರಕ್ಕೆ ಇಳಿಯುತ್ತದೆ. ಅದೂ ಹೊಸದಾಗಿದ್ದಾಗಿನ ಅಂಕ. ಆದ್ದರಿಂದ ಎರಡು ಯಂತ್ರಗಳನ್ನು ಹೋಲಿಸುವಾಗ ನಕ್ಷತ್ರಗಳನ್ನು ಎಣಿಸದೆ, ಚೀಟಿಯಲ್ಲಿರುವ ಸೂಚ್ಯಂಕ ಮತ್ತು ವರ್ಷವನ್ನು ಹೋಲಿಸಬೇಕು.

5. ಓಡುವುದನ್ನು ಕಣ್ಣಾರೆ ನೋಡದೆ ಕೊಳ್ಳಬೇಡಿ

ಎತ್ತು ಕೊಳ್ಳುವಾಗ ರೈತರು ಹಲ್ಲು ನೋಡುತ್ತಾರೆ, ಕಾಲು ನೋಡುತ್ತಾರೆ, ಕೊನೆಗೆ ನೊಗಕ್ಕೆ ಹೂಡಿ ನಡೆಸಿ ನೋಡುತ್ತಾರೆ. ಯಂತ್ರಕ್ಕೂ ಇದೇ ಕ್ರಮ. ಕಳಚಿ ಗೋದಾಮಿನಲ್ಲಿ ಪೇರಿಸಿಟ್ಟ ಯಂತ್ರಕ್ಕಿಂತ ಇನ್ನೂ ಗೋಡೆಯ ಮೇಲೆ ಓಡುತ್ತಿರುವ ಯಂತ್ರ ಎಷ್ಟೋ ಮೇಲು. ಪರಿಶೀಲನೆಗೆ ಹೋಗುವಾಗ ಸದಸ್ಯರೊಡನೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಎಂಜಿನಿಯರ್ ಮತ್ತು ಮಾರಾಟಗಾರರಿಗೆ ಸಂಬಂಧಿಸದ ಒಬ್ಬ ಶೈತ್ಯ ಯಂತ್ರ ತಂತ್ರಜ್ಞರು ಇರಬೇಕು. ನೋಡಬೇಕಾದ ಅಂಶಗಳು ಇವು:

(ಅ) ನಾಮಫಲಕ: ಮಾದರಿ, ಕ್ರಮಸಂಖ್ಯೆ, ತಯಾರಿಕೆಯ ವರ್ಷ, ಅನಿಲ, ವಿದ್ಯುತ್ ಸೆಳೆತ ಇವುಗಳ ಛಾಯಾಚಿತ್ರ ತೆಗೆದುಕೊಳ್ಳಿ. ಫಲಕವೇ ಇಲ್ಲದ ಅಥವಾ ಉಜ್ಜಿಹೋದ ಯಂತ್ರವನ್ನು ಅಲ್ಲಿಗೇ ಬಿಡಿ.

(ಆ) ಓಟ: ಹಗಲಿನ ಬಿಸಿಯಲ್ಲಿ ಕನಿಷ್ಠ ಎರಡು ಗಂಟೆ ನಿರಂತರವಾಗಿ ಓಡಿಸಿ. ಹವಾನಿಯಂತ್ರಣ ಯಂತ್ರದಲ್ಲಿ ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ಅಂತರ ಇರಬೇಕು.

(ಇ) ವಿದ್ಯುತ್: ಕ್ಲ್ಯಾಂಪ್ ಮೀಟರ್‌ನಿಂದ ಅಳೆದ ಸೆಳೆತವನ್ನು ಫಲಕದ ಅಂಕಿಯೊಡನೆ ಹೋಲಿಸಿ. ಮೂರು ಫೇಸ್‌ಗಳಲ್ಲಿಯೂ ಸೆಳೆತ ಹೆಚ್ಚುಕಡಿಮೆ ಸಮನಾಗಿರಬೇಕು. ಕಂಪ್ರೆಸರ್ ಸುರುಳಿಯ ನಿರೋಧನವನ್ನು ಮೆಗ್ಗರ್‌ನಿಂದ ಪರೀಕ್ಷಿಸಬೇಕು.

(ಈ) ಎಣ್ಣೆ ಮತ್ತು ಸೋರಿಕೆ: ಕೊಳವೆಯ ಸಂದುಗಳಲ್ಲಿ ಎಣ್ಣೆಯ ಕಲೆ ಕಂಡರೆ ಅಲ್ಲಿ ಅನಿಲ ಸೋರುತ್ತಿದೆ ಎಂದರ್ಥ. ಕಂಪ್ರೆಸರ್ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಮೋಟರ್ ಒಮ್ಮೆ ಸುಟ್ಟಿರುವ ಸಂಭವವಿದೆ. ಈಗಾಗಲೇ ಕಳಚಿಟ್ಟ ಯಂತ್ರವಾದರೆ ಸಾರಜನಕ ತುಂಬಿ ಒತ್ತಡ ಪರೀಕ್ಷೆ ನಡೆಸದೆ ಮಾತುಕತೆ ಮುಂದುವರಿಸಬಾರದು.

(ಉ) ಕಾಯಿಲ್: ಕರಾವಳಿಯಲ್ಲಿ ಓಡಿದ ಹೊರ ಘಟಕಗಳ ರೆಕ್ಕೆಗಳು ಉಪ್ಪುಗಾಳಿಗೆ ತಿಂದುಹೋಗಿರುತ್ತವೆ, ಬೆರಳಿಂದ ಮುಟ್ಟಿದರೆ ಪುಡಿಯಾಗುತ್ತವೆ. ಹೊರಗೆ ಬಣ್ಣ ಬಳಿದು ಇದನ್ನು ಮರೆಮಾಚಬಹುದಾದ್ದರಿಂದ ಜಾಲರಿ ತೆಗೆಸಿ ನೋಡಿ.

(ಊ) ಬಿಡಿಭಾಗ: ಆ ಮಾದರಿಯ ಕಂಪ್ರೆಸರ್, ಫ್ಯಾನ್ ಮೋಟರ್, ನಿಯಂತ್ರಣ ಫಲಕ ಈಗಲೂ ದೊರೆಯುತ್ತವೆಯೇ ಎಂಬುದನ್ನು ತಯಾರಕರ ಅಧಿಕೃತ ಸೇವಾ ಕೇಂದ್ರದಿಂದ ಲಿಖಿತವಾಗಿ ಪಡೆಯಿರಿ.

6. ಶೈತ್ಯ ಕೊಠಡಿ: ಗೋಡೆ ಹಳೆಯದಾಗಲಿ, ಯಂತ್ರ ಹೊಸದಾಗಲಿ

ಶೈತ್ಯ ಕೊಠಡಿಗೆ ಎರಡು ಭಾಗ: ಶಾಖ ತಡೆಯುವ ಗೋಡೆ-ಬಾಗಿಲು ಮತ್ತು ತಂಪು ಮಾಡುವ ಯಂತ್ರ. ಬಳಸಿದ ಕೊಠಡಿಯನ್ನು ಇಡಿಯಾಗಿ ಮಾರುವಾಗ ಇವೆರಡನ್ನೂ ಒಂದೇ ಬೆಲೆಯಲ್ಲಿ ಹೇಳುತ್ತಾರೆ. ಪಂಚಾಯಿತಿ ಇವನ್ನು ಬೇರ್ಪಡಿಸಿ ಕೇಳಬೇಕು.

ತಗಡಿನ ನಡುವೆ ಪಾಲಿಯುರಿಥೇನ್ ನೊರೆ ತುಂಬಿದ ಪ್ಯಾನೆಲ್‌ಗಳಲ್ಲಿ ಚಲಿಸುವ ಭಾಗಗಳಿಲ್ಲ. ಕೊಕ್ಕೆ ಬೀಗದ ಸಂದುಗಳಿರುವ ಪ್ಯಾನೆಲ್‌ಗಳನ್ನು ಕಳಚಿ ಮತ್ತೆ ಜೋಡಿಸಬಹುದು. ಒಳಗೆ ನೀರು ಸೇರದಿದ್ದರೆ ಅವು ವರ್ಷಗಟ್ಟಲೆ ತಮ್ಮ ಕೆಲಸ ಮಾಡುತ್ತವೆ. ನೀರು ಸೇರಿದ ಪ್ಯಾನೆಲ್ ಅದೇ ಅಳತೆಯ ಒಣ ಪ್ಯಾನೆಲ್‌ಗಿಂತ ಭಾರವಾಗಿರುತ್ತದೆ. ಎರಡನ್ನು ತಕ್ಕಡಿಯಲ್ಲಿಟ್ಟರೆ ಸತ್ಯ ತಿಳಿಯುತ್ತದೆ. ಉಬ್ಬಿದ ತಗಡು, ತುಕ್ಕು ಹಿಡಿದ ಅಂಚು, ಹರಿದ ಬಾಗಿಲ ರಬ್ಬರ್ ಇವನ್ನು ಗಮನಿಸಿ. ಈ ನೊರೆ ಬೆಂಕಿಗೆ ಸುಲಭ ತುತ್ತು. ಜೋಡಣೆಯ ಸಮಯದಲ್ಲಿ ಅದರ ಬಳಿ ವೆಲ್ಡಿಂಗ್ ಮಾಡಗೊಡಬಾರದು.

ಆದ್ದರಿಂದ ಸುಸ್ಥಿತಿಯ ಬಳಸಿದ ಪ್ಯಾನೆಲ್‌ಗಳಿಗೆ ಹೊಸ ಶೈತ್ಯ ಯಂತ್ರವನ್ನು ಜೋಡಿಸುವುದು ಮಧ್ಯಮ ಮಾರ್ಗ. ಬಂಡವಾಳದಲ್ಲಿ ಉಳಿತಾಯ, ವಿದ್ಯುತ್ತಿನಲ್ಲಿ ನಷ್ಟವಿಲ್ಲ.

ಯಂತ್ರ ಯಾವ ಉಷ್ಣತೆಗೆ ತಯಾರಾದುದು ಎಂಬುದೂ ಮುಖ್ಯ. ಬಾಳೆಗೆ 13-14 ಡಿಗ್ರಿ, ಟೊಮೇಟೊಗೆ ಮಾಗಿದ ಹಂತವನ್ನು ಅನುಸರಿಸಿ ಸುಮಾರು 10-13 ಡಿಗ್ರಿ, ಗುಲಾಬಿಗೆ 2-4 ಡಿಗ್ರಿ, ಕ್ಯಾರೆಟ್‌ಗೆ ಸೊನ್ನೆಯ ಆಸುಪಾಸು ಬೇಕು. ಐಸ್‌ಕ್ರೀಂ ಇಡಲು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಓಡಲು ರಚಿಸಿದ ಯಂತ್ರ ಟೊಮೇಟೊಗೆ ತಕ್ಕುದಲ್ಲ. ಕಚೇರಿಯ ಎಸಿಯೂ ಕ್ಯಾರೆಟ್‌ಗೆ ತಕ್ಕುದಲ್ಲ. ಅಷ್ಟು ತಂಪಿಗೆ ಅದರ ಕಾಯಿಲ್ ಮೇಲೆ ಹಿಮಗಟ್ಟಿ ಗಾಳಿಯ ಹರಿವೇ ನಿಲ್ಲುತ್ತದೆ. ನಮ್ಮ ಸಂತೆಗೆ ಬರುವ ಫಸಲು ಯಾವುದು ಎಂಬ ಪಟ್ಟಿಯನ್ನು ಮೊದಲು ರೈತರೊಡನೆ ಕುಳಿತು ಮಾಡಬೇಕು. ಯಂತ್ರದ ಮಾತು ಆನಂತರ.

7. ಊರಿನ ನೀರು ಮತ್ತು ವಿದ್ಯುತ್

ದೊಡ್ಡ ಕಟ್ಟಡಗಳಿಂದ ಬರುವ ಕೆಲವು ಯಂತ್ರಗಳು ನೀರಿನಿಂದ ತಣಿಯುವಂಥವು. ಅವುಗಳ ಕೂಲಿಂಗ್ ಟವರ್‌ನಲ್ಲಿ ಒಂದು ಟನ್ನಿಗೆ ಗಂಟೆಗೆ ಸುಮಾರು ಆರೂವರೆ ಲೀಟರ್ ನೀರು ಆವಿಯಾಗುತ್ತದೆ. 50 ಟನ್ ಯಂತ್ರ ದಿನಕ್ಕೆ 10 ಗಂಟೆ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಸುಮಾರು 3,250 ಲೀಟರ್. ಜಲಜೀವನ ಮಿಷನ್ನಿನ ತಲಾ 55 ಲೀಟರ್ ಅಳತೆಯಲ್ಲಿ ಇದು ಸುಮಾರು 59 ಜನರ ಒಂದು ದಿನದ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ಓಡಿಸುವ ಪಂಚಾಯಿತಿಗೆ ಇಂತಹ ಯಂತ್ರ ಉಚಿತವಾಗಿ ಬಂದರೂ ಬೇಡ. ಗಡಸು ನೀರಿನ ಪ್ರದೇಶಗಳಲ್ಲಿ ಸುಣ್ಣ ಕಟ್ಟಿ ದಕ್ಷತೆ ಇಳಿಯುವುದು ಬೇರೆ.

ವಿದ್ಯುತ್ತಿನ ವಿಚಾರದಲ್ಲಿ ಮೂರು ಅಂಶಗಳು: ಮಂಜೂರಾದ ಹೊರೆ ಸಾಕೇ ಎಂಬುದನ್ನು ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗದಲ್ಲಿ ಮೊದಲೇ ವಿಚಾರಿಸಬೇಕು. ವೋಲ್ಟೇಜ್ ಏರಿಳಿತ ಹಳೆಯ ಕಂಪ್ರೆಸರ್‌ಗೆ ಹೆಚ್ಚಿನ ಅಪಾಯ. ಮೂರು ಫೇಸ್‌ನ ಸ್ಕ್ರೋಲ್ ಕಂಪ್ರೆಸರ್‌ಗಳು ಫೇಸ್ ಅದಲುಬದಲಾದರೆ ಹಿಮ್ಮುಖವಾಗಿ ತಿರುಗಿ ಕೆಡುತ್ತವೆ. ಆದುದರಿಂದ ಫೇಸ್ ರಕ್ಷಣಾ ರಿಲೇ ಕಡ್ಡಾಯವಾಗಿ ಅಂದಾಜು ಪಟ್ಟಿಯಲ್ಲಿ ಇರಲಿ.

8. ಖರೀದಿಯ ಕ್ರಮ ಮತ್ತು ದಾಖಲೆ

ಬಳಸಿದ ವಸ್ತುವಿನ ಖರೀದಿಗೂ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ ನಿಯಮಗಳು ಅನ್ವಯಿಸುತ್ತವೆ. ‘ಅವಕಾಶ ಕೈತಪ್ಪುತ್ತದೆ, ನಾಳೆಯೊಳಗೆ ಮುಂಗಡ ಕೊಡಿ’ ಎಂಬ ಒತ್ತಾಯ ಕಾನೂನಿನ ಮುಂದೆ ಕಾರಣವಾಗುವುದಿಲ್ಲ. ಬಿಡಿ ಬಿಡಿಯಾಗಿ ಬಿಲ್ಲು ಮಾಡಿಸಿ ಮಿತಿಯೊಳಗೆ ತರುವುದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೆ ನೇರ ದಾರಿ.

ಬಳಸಿದ ಯಂತ್ರಗಳಲ್ಲಿ ಒಂದು ಇನ್ನೊಂದರಂತೆ ಇರುವುದಿಲ್ಲವಾದ್ದರಿಂದ ಕೇವಲ ಕನಿಷ್ಠ ಬೆಲೆಯ ಹೋಲಿಕೆ ದಾರಿ ತಪ್ಪಿಸುತ್ತದೆ. ಗರಿಷ್ಠ ವಯಸ್ಸು, ಅನಿಲದ ಹೆಸರು, ಕನಿಷ್ಠ ದಕ್ಷತೆ, ಖಾತರಿಯ ಅವಧಿ ಮತ್ತು ವಾರ್ಷಿಕ ವೆಚ್ಚವನ್ನು ಲೆಕ್ಕ ಹಾಕುವ ಸೂತ್ರವನ್ನು ಟೆಂಡರ್ ದಾಖಲೆಯಲ್ಲಿಯೇ ಮುಂಚಿತವಾಗಿ ಪ್ರಕಟಿಸಬೇಕು. ದರ ತೆರೆದ ಮೇಲೆ ಸೂತ್ರ ಬದಲಿಸಲಾಗದು. ಅನುದಾನದ ಹಣವಾದರೆ ಆ ಯೋಜನೆಯ ಮಾರ್ಗಸೂಚಿ ಬಳಸಿದ ಯಂತ್ರಕ್ಕೆ ಅವಕಾಶ ಕೊಡುತ್ತದೆಯೇ ಎಂಬುದನ್ನು ತಾಲ್ಲೂಕು ಪಂಚಾಯಿತಿಯಿಂದ ಲಿಖಿತವಾಗಿ ಪಡೆದ ನಂತರವೇ ಮುಂದುವರಿಯತಕ್ಕದ್ದು.

ಮಾರಾಟಗಾರರಿಂದ ಪಡೆಯಬೇಕಾದವು: ಜಿಎಸ್‌ಟಿ ನೋಂದಣಿ ಸಂಖ್ಯೆಯುಳ್ಳ ಬಿಲ್ಲು, ಯಂತ್ರದ ಮೂಲ ಖರೀದಿ ದಾಖಲೆ ಅಥವಾ ಹರಾಜಿನ ಬಿಡುಗಡೆ ಪತ್ರ, ಸಾಲ ಅಥವಾ ಭೋಗ್ಯದ ಹೊರೆ ಇಲ್ಲವೆಂಬ ಘೋಷಣೆ, ಕನಿಷ್ಠ ಒಂದು ವರ್ಷದ ಲಿಖಿತ ಖಾತರಿ. ಹಣದ ಒಂದು ಭಾಗವನ್ನು ಒಂದು ಬೇಸಿಗೆ ಕಳೆಯುವವರೆಗೆ ತಡೆಹಿಡಿಯುವ ಷರತ್ತು ಇರಲಿ. ಚಳಿಗಾಲದಲ್ಲಿ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಓಡುತ್ತವೆ.

ವ್ಯವಹಾರದಲ್ಲಿ ಸದಸ್ಯರಿಗೆ ಅಥವಾ ಅವರ ಕುಟುಂಬದವರಿಗೆ ಹಿತಾಸಕ್ತಿ ಇದ್ದರೆ ಅದನ್ನು ಸಭೆಗೆ ತಿಳಿಸಿ ಚರ್ಚೆಯಿಂದ ಹೊರಗುಳಿಯಬೇಕು. ಪಂಚಾಯಿತಿಯ ಗುತ್ತಿಗೆಯಲ್ಲಿ ಸದಸ್ಯರು ಪಾಲು ಹೊಂದುವುದು ಅವರ ಸದಸ್ಯತ್ವಕ್ಕೇ ಕುತ್ತು ತರಬಲ್ಲದು.

9. ಕೊಳ್ಳುವಾಗಲೇ ವಿಲೇವಾರಿಯ ಚಿಂತನೆ

ಹವಾನಿಯಂತ್ರಣ ಯಂತ್ರಗಳು ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ವ್ಯಾಪ್ತಿಗೆ ಬರುತ್ತವೆ. ಈ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಬಳಸಿದ ಯಂತ್ರ ಕೊಳ್ಳುವವರು ಮತ್ತೊಬ್ಬರ ತ್ಯಾಜ್ಯದ ಹೊಣೆಯನ್ನೂ ಕೊಂಡಂತೆ. ಗುಜರಿಯವರು ಕೊಳವೆ ಕತ್ತರಿಸಿ ಅನಿಲವನ್ನು ಗಾಳಿಗೆ ಬಿಟ್ಟು ತಾಮ್ರ ಒಯ್ಯುವುದು ಎಲ್ಲರೂ ಕಂಡ ದೃಶ್ಯ. ಪಂಚಾಯಿತಿಯ ಯಂತ್ರಕ್ಕೆ ಈ ಗತಿ ಬರಕೂಡದು. ಅನಿಲವನ್ನು ಸಿಲಿಂಡರ್‌ಗೆ ಹಿಂಪಡೆದು ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವ ವ್ಯವಸ್ಥೆ ಮತ್ತು ಅದರ ಖರ್ಚು ಮೂಲ ಪ್ರಸ್ತಾವದಲ್ಲಿಯೇ ಇರಬೇಕು.

10. ಠರಾವಿನ ಮಾದರಿ

“ದಿನಾಂಕ ______ರ ಸಾಮಾನ್ಯ ಸಭೆಯಲ್ಲಿ ______ ಕಟ್ಟಡಕ್ಕೆ ಶೈತ್ಯ ಯಂತ್ರ ಅಳವಡಿಸುವ ವಿಷಯ ಚರ್ಚಿಸಲಾಯಿತು. ಯಂತ್ರವು ವರ್ಷಕ್ಕೆ ಅಂದಾಜು ______ ಗಂಟೆ ಓಡಬೇಕಿರುತ್ತದೆ. ಹೊಸ ಯಂತ್ರದ ವಾರ್ಷಿಕ ಒಟ್ಟು ವೆಚ್ಚ ______ ರೂ. ಮತ್ತು ಬಳಸಿದ ಯಂತ್ರದ ವಾರ್ಷಿಕ ಒಟ್ಟು ವೆಚ್ಚ ______ ರೂ. ಎಂಬ ಎಂಜಿನಿಯರ್ ವರದಿಯನ್ನು ಸಭೆಯಲ್ಲಿ ಓದಿ ಹೇಳಲಾಯಿತು. ಯಂತ್ರದ ಅನಿಲ ______, ತಯಾರಿಕೆಯ ವರ್ಷ ______. ದಿನಾಂಕ ______ರಂದು ಯಂತ್ರವನ್ನು ಓಡಿಸಿ ಪರಿಶೀಲಿಸಿದ ವರದಿ ಲಗತ್ತಿಸಿದೆ. ಮೇಲ್ಕಂಡ ಕಾರಣಗಳಿಂದ ______ ಯಂತ್ರವನ್ನು ನಿಯಮಾನುಸಾರ ಟೆಂಡರ್ ಮೂಲಕ ಖರೀದಿಸಲು ತೀರ್ಮಾನಿಸಲಾಯಿತು.”

ಈ ಖಾಲಿ ಜಾಗಗಳಲ್ಲಿ ಒಂದನ್ನಾದರೂ ತುಂಬಲಾಗದಿದ್ದರೆ ವಿಷಯವನ್ನು ಮುಂದಿನ ಸಭೆಗೆ ಮುಂದೂಡುವುದು ಒಳ್ಳೆಯದು. ಬಳಸಿದ ಯಂತ್ರಗಳು ಮಾರುಕಟ್ಟೆಗೆ ಬರುತ್ತಲೇ ಇರುತ್ತವೆ.

ಸದಸ್ಯರ ಅವಧಿ ಐದು ವರ್ಷ. ಇಂದು ಕೊಂಡ ಯಂತ್ರದ ಬಿಲ್ಲುಗಳನ್ನು ಮುಂದೆ ಆಯ್ಕೆಯಾಗಿ ಬರುವವರೂ ಪಾವತಿಸಬೇಕಾಗುತ್ತದೆ. ಅದರ ತಂಪಿನ ಲಾಭವೋ ಬಿಸಿಯ ನಷ್ಟವೋ ಊರಿಗೇ ಸೇರಿದ್ದು. ಸಭೆಯ ಮುಂದೆ ಪ್ರಸ್ತಾವ ಬಂದಾಗ ತಾವು ಕೇಳುವ ಮೊದಲ ಪ್ರಶ್ನೆ “ಎಷ್ಟಕ್ಕೆ ಕೊಡುತ್ತಾರೆ?” ಎಂದಾಗದೆ “ವರ್ಷಕ್ಕೆ ಎಷ್ಟು ಗಂಟೆ ಓಡಬೇಕು?” ಎಂದಾಗಲಿ. ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಯಲ್ಪಟ್ಟ ಮೇಲೆ ಉಳಿದ ಚರ್ಚೆ ತಾನಾಗಿಯೇ ಸರಿದಾರಿಗೆ ಬರುತ್ತದೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ